ಶಾಲಿನಿಯನ್ನು ಸಾಯಿಸಲು ಹೋಗಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ. ಒಂಬತ್ತನೇ ತರಗತಿಯ ಅರ್ಧದಲ್ಲಿ ಗಣಿತವೂ ನಾನೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಸಮಾಧಾನ ಮಾಡಲು ಯಾರೂ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಸಭೆಗಳಲ್ಲಿ ನನ್ನನ್ನು ‘ಪ್ರೇಮ ಕಾದಂಬರಿಕಾರರು’ ಎಂದು ಪರಿಚಯಿಸುವವರು ಆಮೇಲೆ ಒಂದು ಗಳಿಗೆ ತಡವರಿಸಿ, ನನ್ನ ಹೆಸರಿನ ಹಿಂದೆ ಮುಂದೆ ಡಿಗ್ರಿ ಹುಡುಕುತ್ತಾರೆ. ನಮ್ಮ ಮನೆಯ ಡಿಗ್ರಿ ನೋಡುವುದು ಡೇರಿಯಲ್ಲಿ, ಹಾಲಿಗೆ ನೀರು ಬೆರೆಸಿದ್ದೇವೋ ಎಂದು. ಅದು ಯಾವತ್ತೂ ಕಡಿಮೆ ಬಂದಿಲ್ಲ.

ಶಾಲೆ ಬಿಟ್ಟವನನ್ನು ಅಪ್ಪ ಬಂಗಾರಪೇಟೆ ಸ್ಟೇಷನ್ ಹತ್ತಿರ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಬಿಟ್ಟರು. ಹರಿದ ಪುಸ್ತಕ ಹೊಲಿಯುವುದು ನನ್ನ ಕೆಲಸ. ಪ್ರೇಮ ಕಾದಂಬರಿಗಳಿಗೆ ಒಂದು ಕಾಯಿಲೆಯಿತ್ತು: ಎಲ್ಲಕ್ಕಿಂತ ಮೊದಲು ಕೊನೆಯ ಹಾಳೆಗಳೇ ಉದುರುತ್ತಿದ್ದವು. ಅಂಗಡಿಯಲ್ಲಿ ನಿಂತೇ ಎಲ್ಲರೂ ಕೊನೆ ತೆಗೆದು ನೋಡುತ್ತಿದ್ದರಲ್ಲ, ಇನ್ನೇನಾಗುತ್ತದೆ? ಉರಿಗಾಂನಿಂದ ರೈಲಿನಲ್ಲಿ ಬರುತ್ತಿದ್ದ ಟೀಚರಮ್ಮ ಒಬ್ಬರು ಒಂದು ದಿನ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, “ಮದುವೆ ಆಯ್ತೋ ಇಲ್ವೋ ಗೊತ್ತಾಗದ ಪುಸ್ತಕಕ್ಕೆ ಬಾಡಿಗೆ ಯಾಕಪ್ಪಾ ಕೊಡ್ಬೇಕು?” ಎಂದರು. ಮಾಲೀಕರು ನನ್ನ ಕಡೆ ನೋಡಿದರು. ನಾನು ಬಿಳಿ ಹಾಳೆ ತೆಗೆದುಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಮದುವೆ ಮಾಡಿಸಿ, ಆ ಹಾಳೆಗಳನ್ನೇ ಹೊಲಿದು ಕೊಟ್ಟೆ. ಸ್ವಲ್ಪ ದಿನಕ್ಕೆ ಜನ ಬಂದು ‘ಕೈಬರಹದ ಕೊನೆ ಇರೋದು ಕೊಡಿ’ ಎಂದು ಕೇಳತೊಡಗಿದರು. ಬೇರೆ ಸಾಹಿತಿಗಳು ಕಾದಂಬರಿಯನ್ನು ಮೊದಲಿನಿಂದ ಬರೆಯಲು ಕಲಿಯುತ್ತಾರೆ, ನಾನು ಕೊನೆಯಿಂದ ಕಲಿತೆ. ಹಾಗಾಗಿ ಕೊನೆ ಬರೆಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಧೈರ್ಯ ನನಗಿದೆ. ಜಂಬ ಎನ್ನುವವರು ಹಾಗೇ ಅನ್ನಲಿ.

ಆ ಅಂಗಡಿ ಮುಚ್ಚಿದ ಮೇಲೆ ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಬರುವಾಗ ರೈಲಿನಲ್ಲಿ, ತೊಡೆಯ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ನನ್ನ ಪ್ರೇಮಿಗಳು ಒಬ್ಬರನ್ನೊಬ್ಬರು ನೋಡಿ ನಡುಗುತ್ತಾರೆಂದು ವಿಮರ್ಶಕರೊಬ್ಬರು ಮೆಚ್ಚಿದ್ದರು. ನಡುಗಿದ್ದು ರೈಲು.

ಬರೆದದ್ದನ್ನು ಓದಿ ತೋರಿಸಬೇಕಲ್ಲ. ನನ್ನ ಹೆಂಡತಿ ನಾರಾಯಣಮ್ಮ ಕಾಮಸಮುದ್ರದ ಆಚೆ, ಗಡಿ ದಾಟಿದ ಊರಿನವಳು. ಅವಳು ಕಲಿತದ್ದು ತೆಲುಗು ಅಕ್ಷರ; ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳು ಒಂದು ಕಡೆ ಕೂರುವುದು ದಿನಕ್ಕೆ ಎರಡೇ ಸಲ, ಹಾಲು ಕರೆಯುವಾಗ. ಆದ್ದರಿಂದ ನನ್ನ ಸಾಹಿತ್ಯವೆಲ್ಲ ಮೊದಲು ಬಿಡುಗಡೆಯಾಗುವುದು ಕೊಟ್ಟಿಗೆಯಲ್ಲಿ. ನಾನು ಕಂಬಕ್ಕೆ ಒರಗಿ ಓದುತ್ತೇನೆ, ಅವಳು ಚುಕ್ಕಿ ಎಂಬ ಸೀಮೆ ಹಸುವಿನ ಹೊಟ್ಟೆಗೆ ಹಣೆ ಕೊಟ್ಟು ಕರೆಯುತ್ತಾಳೆ. ಮುಗಿದ ಮೇಲೆ “ಹೆಂಗೈತೆ?” ಎಂದರೆ, “ನಾನೆಲ್ಲಿ ಕೇಳಿಸ್ಕೊಂಡೆ ಮಾವ, ಹಾಲು ಕರೀತಿದ್ದೆ” ಎಂದು ಎದ್ದು ಹೋಗುತ್ತಾಳೆ. ಇಷ್ಟು ವರ್ಷ ನನಗೆ ಸಿಕ್ಕ ವಿಮರ್ಶೆ ಇಷ್ಟೇ. ಹೋಗಲಿ, ಹಸುವಾದರೂ ಕಿವಿ ಆಡಿಸುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೋದ ವರ್ಷ ಬೆಂಗಳೂರಿನ ಪ್ರಕಾಶಕರೊಬ್ಬರು ನನ್ನ ಹೊಸ ಕಾದಂಬರಿ ಕೇಳಿದರು. ಅಲ್ಲಿಯವರೆಗೆ ನನ್ನ ಪುಸ್ತಕಗಳೆಲ್ಲ ಬಂಗಾರಪೇಟೆಯಲ್ಲಿ, ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನಲ್ಲೇ ಆಗಿದ್ದವು. ಹೊಸದು ಕಾಮಸಮುದ್ರದ ಬಸ್ಸಿಗೆ ಕಾಯುವ ಶಾಲಿನಿ ಎಂಬ ಹುಡುಗಿಯ ಕಥೆ; ಕೊನೆಯ ಅಧ್ಯಾಯವೊಂದು ಬಿಟ್ಟು ಎಲ್ಲ ಕಳಿಸಿದೆ. ಅವರು ಫೋನ್ ಮಾಡಿ, “ಬಹಳ ಚೆನ್ನಾಗಿದೆ ಸಾರ್. ಕೊನೆಯಲ್ಲಿ ಶಾಲಿನಿ ಸಾಯಬೇಕು. ಓದುವವರಿಗೆ ಕಣ್ಣೀರು ಬಂದರೆ ಮಾತ್ರ ಪುಸ್ತಕ ನಿಲ್ಲೋದು. ಅವಳು ಬದುಕಿದರೆ ನಮಗೆ ಬೇಡ” ಎಂದರು. ಬೆಂಗಳೂರಿನ ಹೆಸರಿಗೆ ನಾನೂ ಸ್ವಲ್ಪ ಬಗ್ಗಿದೆ. ಮಾರನೆಯ ದಿನ ರೈಲು ಕೆಜಿಎಫ್ ಮುಟ್ಟುವಷ್ಟರಲ್ಲಿ ಶಾಲಿನಿಗೆ ಜ್ವರ ಬರಿಸಿ ಕೆಲಸ ಮುಗಿಸಿದೆ.

ಸಂಜೆ ಕೊಟ್ಟಿಗೆಯಲ್ಲಿ ಓದಿದೆ. ಶಾಲಿನಿ ಕಣ್ಣು ಮುಚ್ಚುವ ಹೊತ್ತಿಗೆ ಬಕೆಟ್ಟಿಗೆ ಬೀಳುವ ಹಾಲಿನ ಸದ್ದು ನಿಂತುಹೋಯಿತು. ಚುಕ್ಕಿ ಕಾಲು ಝಾಡಿಸಿತು, ಆಮೇಲೆ ಹಾಲು ಬಿಡಲೇ ಇಲ್ಲ. ಬೆಳಿಗ್ಗೆ ಸಾವನ್ನು ಇನ್ನಷ್ಟು ತಿದ್ದಿ ಓದಿದೆ, ಮತ್ತೆ ಅದೇ ಕಥೆ. ಅರ್ಧ ಕ್ಯಾನು ನೋಡಿ ಡೇರಿಯ ಸೆಕ್ರೆಟರಿ ನಾಗರಾಜ, “ಏನಣ್ಣಾ, ಹಾಲೆಲ್ಲ ಕಾದಂಬ್ರಿಗೇ ಓಯ್ತಾ?” ಎಂದ. ಅವನಿಗೇನು ಗೊತ್ತು, ನಾನು ಒಳಗೊಳಗೇ ಉಬ್ಬಿಹೋಗಿದ್ದೆ. ಮೂಕಪ್ರಾಣಿಯ ಎದೆಯನ್ನೂ ಕರಗಿಸುವಂತೆ ಬರೆದ ಲೇಖಕ ಈ ತಾಲ್ಲೂಕಿನಲ್ಲಿ ಇನ್ಯಾರಿದ್ದಾರೆ?

ಇದನ್ನು ಖಾತ್ರಿ ಮಾಡಿಕೊಳ್ಳಬೇಕೆಂದು ಭಾನುವಾರ ಮಧ್ಯಾಹ್ನ, ನಾರಾಯಣಮ್ಮ ಹುಲ್ಲಿಗೆ ಹೋಗಿದ್ದಾಗ, ಚುಕ್ಕಿಯ ಎದುರು ನಿಂತು ಆ ಅಧ್ಯಾಯವನ್ನು ಭಾವ ತುಂಬಿ ಓದಿದೆ. ಅದು ಮೆಲುಕು ಹಾಕುತ್ತಲೇ ಇತ್ತು. ಶಾಲಿನಿ ಪ್ರಾಣ ಬಿಡುವ ಸಾಲಿಗೆ ಸರಿಯಾಗಿ ಸಗಣಿ ಹಾಕಿತು.

ಸಾಹಿತ್ಯ ಜೀವನದಲ್ಲಿ ಅಂಥ ಅವಮಾನ ನನಗೆ ಆಗಿರಲಿಲ್ಲ. ಹಸುವಲ್ಲವಾದರೆ ಮತ್ಯಾರು? ಅಂದು ಸಂಜೆ ಮತ್ತೆ ಓದಿದೆ. ಈ ಸಲ ಹಾಳೆ ನೋಡಲಿಲ್ಲ, ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು. ಹೆಂಡತಿಯನ್ನು ನೋಡುತ್ತ ಓದಿದೆ. ಜ್ವರ ಏರುತ್ತಿದ್ದಂತೆ ಅವಳ ಬೆರಳು ಬಿಗಿಯಾದವು. ಚುಕ್ಕಿ ನೋವಿಗೆ ಕಾಲೆತ್ತಿತು. ಆಮೇಲೆ ಕೈಗಳು ಕೆಚ್ಚಲ ಮೇಲೆ ಸುಮ್ಮನೆ ನಿಂತುಬಿಟ್ಟವು.

“ಏನಾಯ್ತೇ ನಾರಾಯಣಿ?”

“ಏನಿಲ್ಲ. ಕೈ ನೋವು.”

“ಕೇಳಿಸ್ಕೊಳ್ಳಲ್ಲ ಅಂತಿದ್ದೆ?”

ಅವಳು ಹಸುವಿನ ಹೊಟ್ಟೆಯಿಂದ ಹಣೆ ಎತ್ತಲಿಲ್ಲ. “ಅಯ್ಯೋ ಪಾಪಂ, ಎಂಥಾ ಹುಡ್ಗಿ ಅದು. ಇಲ್ಲಿ ಕುಂತು ಇಷ್ಟು ದಿನ ಸಾಕಿದ್ದೀನಿ ಮಾವ ಅವ್ಳನ್ನ. ಒಂದು ಜ್ವರಕ್ಕೆ ಕೊಟ್ಬುಟ್ಟೆ. ಬಂಗಾರಪೇಟೆಲಿ ಡಾಕ್ಟ್ರು ಇರ್ಲಿಲ್ವಾ? ಆಟೋ ಸಿಗ್ಲಿಲ್ವಾ? ಆ ನಿನ್ ಹೀರೋ ಬರೀ ಹೂವ ಹಿಡ್ಕೊಂಡು ನಿಂತವ್ನಲ್ಲ, ಒಂದು ಲೋಟ ಬಿಸ್ನೀರು ಕಾಯಿಸ್ಕೊಡಾಕೆ ಏನಾಗಿತ್ತು ಅವನ್ಗೆ?”

ಟೀಚರಮ್ಮನ ನಂತರ ಇಷ್ಟು ನೇರವಾಗಿ ಕೊನೆಯ ಹಾಳೆಗೇ ಕೈ ಹಾಕಿದ ಓದುಗರು ಬೇರೆ ಯಾರೂ ಇಲ್ಲ. ಅಲ್ಲೇ ಕಂಬಕ್ಕೆ ಒರಗಿಕೊಂಡು, ಬರೆಯದೆಯೇ, ಬಾಯಿಯಲ್ಲೇ ಹೇಳುತ್ತ ಹೋದೆ. ಆಟೋ ಬಂತು. ಡಾಕ್ಟರು ಸಿಕ್ಕರು. ಹೀರೋ ಹೂವನ್ನು ಪಕ್ಕಕ್ಕಿಟ್ಟು ನೀರು ಕಾಯಿಸಿದ. ಬಕೆಟ್ಟಿನಲ್ಲಿ ಮೊದಲು ಒಂದು ಎಳೆ, ಆಮೇಲೆ ಎರಡು, ಆಮೇಲೆ ನೊರೆ ಕಟ್ಟುವ ಸದ್ದು.

ಮರುದಿನ ಪ್ರಕಾಶಕರಿಗೆ ಫೋನ್ ಮಾಡಿ, “ಸಾರ್, ಶಾಲಿನಿ ಹುಷಾರಾದಳು” ಎಂದೆ. ಅವರು “ಹಾಗಾದರೆ ಕಷ್ಟ” ಎಂದರು. ನನಗೇನೂ ಕಷ್ಟವಾಗಲಿಲ್ಲ. ಪುಸ್ತಕ ಮದುವೆ ಕಾಗದದ ಪ್ರೆಸ್ಸಿನಲ್ಲೇ ಅಚ್ಚಾಯಿತು. ಮೊದಲ ಪ್ರತಿ ತಂದು ಕೊಟ್ಟಾಗ ನಾರಾಯಣಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ಓದಲು ಬಾರದ ಕೊನೆಯ ಹಾಳೆಯನ್ನು ತೆಗೆದು ನೋಡಿ, “ಕಾಯಿಸ್ದ ತಾನೆ ನೀರು?” ಎಂದಳು. ಕಾಯಿಸಿದ ಎಂದೆ. “ನೀರು ಕಾಯ್ಸೋದು ಕತೇಲಿರೋನ್ಗೆ ಮಾತ್ರ ಬತ್ತದಾ?” ಎಂದು ಖಾಲಿ ಕ್ಯಾನನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಈಗ ನನ್ನ ಹತ್ತಿರ ಇರುವುದನ್ನು ಲೆಕ್ಕ ಹಾಕಿದರೆ ಇಷ್ಟು: ಕಾದಂಬರಿ ಇಪ್ಪತ್ತೆರಡು, ಡಿಗ್ರಿ ಒಂದೂ ಇಲ್ಲ, ಬೆಂಗಳೂರಿನ ಪ್ರಕಾಶಕರು ಇಲ್ಲ, ಹಸು ಒಂದು, ಹೆಂಡತಿ ಒಬ್ಬಳು, ಸತ್ತ ನಾಯಕಿ ಒಬ್ಬಳೂ ಇಲ್ಲ, ಬಿಸಿನೀರು ಹಾಕಿ ತೊಳೆಯಬೇಕಾದ ಕ್ಯಾನು ಒಂದು.