ಬೀಗರ ಹಾಡಿಗೆ ಕೂತ ಸಂಶೋಧಕ

ನನ್ನ ಹೆಸರು ಇದುವರೆಗೆ ಅಚ್ಚಾಗಿದ್ದು ನೆಂಟರ ಮದುವೆ ಕರೆಯೋಲೆಗಳಲ್ಲಿ ಮಾತ್ರ. ಅದೂ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ, ಹದಿನೇಳನೆಯವನಾಗಿ. ಪುಟ್ಟೇನಹಳ್ಳಿಯಲ್ಲಿ ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವನಿಗೆ, ಒಂದು ಪುಸ್ತಕದ ಮುಖಪುಟದಲ್ಲಿ ‘ಮುನಿಶಾಮಪ್ಪ’ ಎಂದು ರಾರಾಜಿಸುವ ಯೋಗ ಬೇಡವೇ? ಹೀಗೆ ಕೊರಗುತ್ತಿದ್ದಾಗಲೇ, ಒಂದು ವಿಶ್ವವಿದ್ಯಾಲಯದ ಪ್ರಸಾರಾಂಗದವರು ನಮ್ಮ ಸೀಮೆಯ ಬೀಗರ ಹಾಡುಗಳನ್ನು ಸಂಗ್ರಹಿಸಿಕೊಡುವವರಿಗಾಗಿ ಹುಡುಕುತ್ತಿದ್ದಾರೆಂದು ತಿಳಿಯಿತು.

ಮದುವೆಯೂಟಕ್ಕೆ ಕೂತ ಬೀಗರನ್ನು ಹಾಡಿನಲ್ಲೇ ಗೇಲಿ ಮಾಡುವ ಕಲೆಯಲ್ಲಿ ನನ್ನ ಧರ್ಮಪತ್ನಿ ಗಂಗರತ್ನಮ್ಮ ಎತ್ತಿದ ಕೈ. ಮನೆಯಲ್ಲೇ ಗಣಿ ಇರುವಾಗ ಊರೂರು ಅಲೆಯುವುದೇಕೆ? (ಪೆಟ್ರೋಲೂ ಉಳಿಯುತ್ತದೆ.) ಫೋನನ್ನು ಅವಳ ಮುಂದಿಟ್ಟು, “ಹಾಡು” ಎಂದೆ.

“ಗೋಡೆ ನೋಡ್ಕೊಂಡು ಬೈಯ್ಯೋಕೆ ನಂಗೇನ್ ತಲೆ ಕೆಟ್ಟಿದ್ಯಾ? ಎದುರಿಗೆ ಬೀಗರು ಕೂತು ಉಣ್ತಿದ್ರೆ ತಾನಾಗೇ ಬರ್ತದೆ.”

“ಈಗ ಬೀಗರನ್ನ ಎಲ್ಲಿಂದ ತರ್ಲೇ?”

“ನೀವೇ ಕೂತ್ಕೊಳ್ರೀ, ಪೇಟ ಸುತ್ಕೊಂಡು.”

ಸಂಶೋಧನೆಗಾಗಿ ಆರು ಮಧ್ಯಾಹ್ನ ಪೇಟ ಸುತ್ತಿ ಎಲೆಯ ಮುಂದೆ ಕೂತೆ. ಎದುರಿಗಿರುವವರ ಹೆಸರು ಸೇರಿಸಿ ಅಲ್ಲೇ ಕಟ್ಟಿ ಹಾಡುವುದು ಬೀಗರ ಹಾಡಿನ ಪದ್ಧತಿ. ನನ್ನವಳು ಪದ್ಧತಿಗೆ ಎಳ್ಳಷ್ಟೂ ಲೋಪ ಬಾರದಂತೆ ನೋಡಿಕೊಂಡಳು.

ಮುನಿಶಾಮಪ್ಪ ಮಲಗಿದ, ಹಲ್ಲಿ ಗೋಡೆ ಬಿಟ್ಟಿತು,
ಗೊರಕೆಯ ಕೇಳಿ ಕೋಳಿ ಬೆಳಗಾಯ್ತು ಅಂದಿತು!

ಮೂವತ್ತೊಂದು ವರ್ಷದಿಂದ ಹೇಳದೆ ಉಳಿಸಿಕೊಂಡದ್ದೆಲ್ಲ (ಹಾಗೆ ಉಳಿದದ್ದೂ ಇತ್ತೆಂದು ನನಗೆ ತಿಳಿದದ್ದೇ ಆಗ) ರಾಗವಾಗಿ ಹೊರಬಂತು. ಮಗಳು ಮಂಜುಶ್ರೀ ಬೇರೆ, “ಅಮ್ಮಾ, ಸೊಪ್ಪಿನವಳ ಹತ್ರ ಚೌಕಾಸಿ ಮಾಡಿದ್ದು ಬಿಟ್ಬಿಟ್ಟೆ!” ಎಂದು ನೆನಪಿಸುತ್ತಿದ್ದಳು. ಅವಮಾನವಾಯಿತು, ನಿಜ. ಆದರೆ ಅವರೆಕಾಳಿನ ಸಾರು ಚೆನ್ನಾಗಿತ್ತು.

ಪ್ರಸಾರಾಂಗದ ಸಂಪಾದಕ ರಘುನಾಥ್ ಹಾಡು ಕೇಳಿ ಕುಣಿದಾಡಿಬಿಟ್ಟರು.

“ನನ್ನ ಹೆಸರು ತೆಗೆದು ‘ಬೀಗರು’ ಅಂತ ಹಾಕ್ಬಿಡಿ ಸಾರ್,” ಎಂದೆ.

“ಆಗಲ್ಲ ಸಾರ್. ಹಾಡಿದ್ದನ್ನ ಹಾಡಿದ ಹಾಗೇ ಅಚ್ಚು ಹಾಕ್ಬೇಕು. ಒಂದಕ್ಷರ ಮುಟ್ಟಿದ್ರೂ ವಿದ್ವಾಂಸರು ಸುಮ್ನೆ ಬಿಡಲ್ಲ.”

ಹೋಗಲಿ, ಮುಖಪುಟದಲ್ಲಿ ನನ್ನ ಹೆಸರಿರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇಂಥ ಪುಸ್ತಕಗಳನ್ನು ಜನ ಶಾಲು, ಹಾರದ ಜೊತೆ ಸ್ವೀಕರಿಸಿ ಶೋಕೇಸಿನಲ್ಲಿಡುತ್ತಾರೆಯೇ ಹೊರತು ಬಿಚ್ಚಿ ಓದುವುದುಂಟೆ? ಕರಡು ಬಂದಾಗ ನಾನೇ ನನ್ನ ಮುನ್ನುಡಿಯನ್ನಷ್ಟೇ ಓದಿದ್ದೆ (ಐದು ಸಲ).

ಪುಸ್ತಕ ಬಂದ ವಾರವೇ ಮಂಜುಶ್ರೀಯ ಮದುವೆ ಮಾತುಕತೆಗೆ ಸೋಲದೇವನಹಳ್ಳಿಯಿಂದ ಗಂಡಿನವರು ಬಂದರು. ಹುಡುಗ ಹುಡುಗಿ ಮೊದಲೇ ಒಪ್ಪಿದ್ದರು. ಕಾಫಿ ಮುಗಿಯುವಷ್ಟರಲ್ಲಿ ಹಿರಿಯರೂ ಒಪ್ಪಿದರು. ನನಗೆ ಎಲ್ಲಿಲ್ಲದ ಸಂತೋಷ. ಹುಡುಗನ ತಾಯಿ ಮುನಿಯಲ್ಲಮ್ಮನವರಿಗೆ ತಾಂಬೂಲದ ಜೊತೆ ಒಂದು ಪ್ರತಿ ಇಟ್ಟುಕೊಟ್ಟು, “ನನ್ನ ಕೃತಿ” ಎಂದು ಗತ್ತಿನಿಂದ ಹೇಳಿದೆ.

ಆಕೆ ಮುಖಪುಟದ ಕಡೆ ಕಣ್ಣೂ ಹಾಯಿಸದೆ ಪುಸ್ತಕವನ್ನು ಹಿಂದಿನಿಂದ ತೆರೆದರು. ಪ್ರಸಾರಾಂಗದವರು ಅಲ್ಲಿ ಬಲು ಶಿಸ್ತಾಗಿ, ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪದಸೂಚಿ ಕೊಟ್ಟಿದ್ದರು. ನಾನು ಅದನ್ನು ನೋಡಿದ್ದು ಆಗಲೇ. ಆಕೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು:

“ಮುನಿಶಾಮಪ್ಪ. ಗೊರಕೆ, ಪುಟ ಹದಿನಾಲ್ಕು. ಚೌಕಾಸಿ, ಪುಟ ಇಪ್ಪತ್ತೆರಡು, ಮೂವತ್ತೊಂದು, ಐವತ್ತು. ಹಲ್ಲುಸೆಟ್ ಕಳ್ಕೊಂಡಿದ್ದು, ಅರವತ್ತಾರು. ಹೆಂಡತಿಗೆ ಹೆದರುವುದು, ಪುಸ್ತಕದ ಉದ್ದಕ್ಕೂ!”

ಗಂಗರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಚಕ್ಕುಲಿ ತಟ್ಟೆ ಮುಂದೆ ತಳ್ಳಿ ಮಾತು ಬದಲಿಸಲು ನೋಡಿದೆ.

“ಇನ್ನೂ ಆರು ಪುಸ್ತಕ ಕೊಡಿ ಬೀಗ್ರೇ,” ಎಂದರು ಮುನಿಯಲ್ಲಮ್ಮ. “ಮದುವೆ ದಿನ ನಿಮ್ಮೇಲೆ ಇಂಗೇ ಹಾಡ್ಬೇಕಲ್ಲ, ನಮ್ಮೂರ ಹೆಂಗಸ್ರು ಈಗಿಂದ್ಲೇ ಬಾಯಿಪಾಠ ಮಾಡ್ಕೊಳ್ಲಿ.”

“ಒಳಗಡೆ ಕಟ್ಟಿಟ್ಟಿದ್ದೀರಲ್ಲ, ತಂದ್ಕೊಡ್ರೀ,” ಎಂದಳು ನನ್ನವಳು.

ನಾನೇ ಎದ್ದು ಹೋಗಿ ತಂದುಕೊಟ್ಟೆ. ಆರಕ್ಕೂ ಸಹಿ ಹಾಕಿಸಿಕೊಂಡೇ ಹೋದರು.