ಸಾಹೇಬರ ಸ್ಪ್ರಿಂಗು

ರೆಕಾರ್ಡ್ ರೂಮಿನ ಗುಮಾಸ್ತ ತನ್ನ ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪೆಂದರೆ ಸಾಹೇಬರ ಕರೆಗಂಟೆ ರಿಪೇರಿ ಮಾಡಿದ್ದು. ಸಡಿಲವಾಗಿದ್ದ ತಂತಿಯೊಂದನ್ನು ಸ್ಕ್ರೂಗೆ ಸುತ್ತಿ ಬಿಗಿ ಮಾಡಿದ್ದ, ಅಷ್ಟೆ. ಅಂದಿನಿಂದ ಕಚೇರಿಯಲ್ಲಿ ಅವನಿಗೆ ‘ಎಂಜಿನಿಯರು’ ಎಂದೇ ಹೆಸರಾಯಿತು. ಫ್ಯಾನು ನಿಂತರೆ ಎಂಜಿನಿಯರು, ಬೀರುವಿನ ಬೀಗ ಕಚ್ಚಿಕೊಂಡರೆ ಎಂಜಿನಿಯರು, ಟೈಪಿಸ್ಟ್ ಅಕ್ಕನ ಕನ್ನಡಕದ ಕಡ್ಡಿ ಮುರಿದರೂ ಎಂಜಿನಿಯರು.

ಹಾಗಾಗಿ ಆ ಶನಿವಾರ ಬೆಳಿಗ್ಗೆ ಇಬ್ಬರು ಜವಾನರು ಏದುಸಿರು ಬಿಡುತ್ತಾ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ಅವನ ಮೇಜಿನ ಮೇಲೆ ಕುಕ್ಕಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಹಿಂದೆಯೇ ಸಾಹೇಬರು ಬಂದರು.

“ನನ್ನ ಗಿಟಾರಿನ ಆಂಪ್ಲಿಫೈಯರ್ ಕಣಯ್ಯಾ. ನನಗಿಂತ ಎರಡು ವರ್ಷ ದೊಡ್ಡದು. ಇದರ ರಿವರ್ಬು ಸತ್ತು ಎರಡು ತಿಂಗಳಾಯ್ತು.”

“ರಿವರ್ಬು ಅಂದ್ರೆ ಏನ್ ಸಾರ್?”

“ಬಾವಿಗೆ ಬಗ್ಗಿ ‘ಓ’ ಅಂದ್ರೆ ಬಾವಿ ಸುಮ್ನಿರುತ್ತಾ? ‘ಓ ಓ ಓ’ ಅನ್ನುತ್ತೆ. ಅದೇ ಇದು. ತಳದಲ್ಲಿ ಒಂದು ತಗಡಿನ ಟ್ರೇ ಇದೆ, ಅದರೊಳಗೆ ಸ್ಪ್ರಿಂಗು. ಸ್ವರ ಆ ಸ್ಪ್ರಿಂಗಲ್ಲಿ ಹರಿದು ನಡುಗ್ತಾ ಬರುತ್ತೆ. ಅದಿಲ್ಲದೆ ನನ್ನ ವಾದನಕ್ಕೆ ಜೀವಾನೇ ಇಲ್ಲ. ಕಚೇರೀಲಿ ನಿಮಗೆಲ್ಲ ನುಡಿಸೋ ತಿಂಗಳ ಕೊನೇ ಶನಿವಾರದ ಕಾರ್ಯಕ್ರಮ ಎರಡು ಸಲ ತಪ್ಪಿಹೋಯ್ತು. ಇವತ್ತು ನಾಲ್ಕು ಗಂಟೆಗೆ ನುಡಿಸಲೇಬೇಕು.”

ಗುಮಾಸ್ತ ಧೈರ್ಯ ಮಾಡಿದ. “ಸಾರ್, ನನ್ನ ವರ್ಗಾವಣೆ ಅರ್ಜಿ...”

“ಮೇಜಿನ ಮೇಲೇ ಇದೆ. ಮೊದಲು ಇದು ಸರಿಯಾಗ್ಲಿ. ಸಂಜೆ ಅದಕ್ಕೂ ಒಂದು ತೀರ್ಮಾನ ಮಾಡೋಣ.”

ಗುಮಾಸ್ತನ ಎದೆ ಹಿಗ್ಗಿತು. ಅವನ ಹೆಂಡತಿಯೂ ಆರು ವರ್ಷದ ಮಗಳೂ ಐದು ಗಂಟೆ ದಾರಿಯ ಇನ್ನೊಂದು ಊರಿನಲ್ಲಿದ್ದರು. ಪ್ರತಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಬ್ಯಾಗು ಹೆಗಲಿಗೇರಿಸಿ, ಒಂದು ಗಂಟೆಯ ಬಸ್ಸಿಗೆ ಓಡುವುದೇ ಅವನ ವಾರದ ಸುಖ. ಅದರಿಂದಾಗಿ ಸಾಹೇಬರ ಗಿಟಾರನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ವರ್ಗಾವಣೆಯಾದರೆ ದಿನವೂ ಮಗಳ ಮುಖ ನೋಡಬಹುದು.

ಅವನು ಪೆಟ್ಟಿಗೆಯ ಹಿಂಭಾಗಕ್ಕೆ ಕೈ ಹಾಕುವಷ್ಟರಲ್ಲಿ ಹೆಡ್ ಗುಮಾಸ್ತರು ಪ್ರತ್ಯಕ್ಷರಾದರು.

“ನಿಲ್ಲಪ್ಪಾ! ಬಿಚ್ಚೋಕೆ ಲಿಖಿತ ಆದೇಶ ಇದ್ಯಾ?”

“ಸಾಹೇಬ್ರೇ ಬಂದು ಹೇಳಿದ್ರಲ್ಲ ಸಾರ್.”

“ಹೇಳಿದ್ದು ಗಾಳೀಲಿ ಹೋಯ್ತು. ಟಿಪ್ಪಣಿ ಬರಿ. ಮೂರು ಪ್ರತಿ. ಒಂದು ನಿನ್ನ ರೆಕಾರ್ಡ್ ರೂಮಿಗೆ ಕಳಿಸ್ಬೇಕು. ಅದು ತಲುಪಿದೆ ಅಂತ ನೀನೇ ಸ್ವೀಕೃತಿ ಕೊಡ್ಬೇಕು.”

ತಾನೇ ಬರೆದು, ತನಗೇ ಕಳಿಸಿ, ತಾನೇ ಸಹಿ ಮಾಡಿ ತೆಗೆದುಕೊಳ್ಳುವಷ್ಟರಲ್ಲಿ ಹನ್ನೊಂದೂವರೆ ಆಯಿತು. ಗುಮಾಸ್ತ ತನ್ನ ಪರಿಚಯದ ರೇಡಿಯೊ ರಿಪೇರಿಯವನಿಗೆ ಫೋನು ಮಾಡಿದ.

“ಪ್ಲಗ್ಗು ಹಾಕಿ, ರಿವರ್ಬಿನ ಗುಂಡಿ ಪೂರ್ತಿ ತಿರುಗಿಸಿ ಪೆಟ್ಟಿಗೇನ ಅಲ್ಲಾಡ್ಸು. ಗುಡುಗಿದ ಹಾಗೆ ಸದ್ದು ಬಂದ್ರೆ ಸ್ಪ್ರಿಂಗು ಬದುಕಿದೆ ಅಂತ.”

ಅಲ್ಲಾಡಿಸಿದ. ದಿಂಬಿಗೆ ಗುದ್ದಿದಂತೆ ‘ಡುಬ್’ ಎಂದಿತು.

“ಹಾಗಾದ್ರೆ ಟ್ರೇಯಿಂದ ವಾಪಸ್ ಬರೋ ವೈರನ್ನ ಕಿತ್ತು ಅದರ ತುದಿ ಬೆರಳಲ್ಲಿ ಮುಟ್ಟು. ಭಯ ಬೇಡ, ಅದ್ರಲ್ಲಿ ಕರೆಂಟಿಲ್ಲ. ‘ಗುಂಯ್’ ಅಂದ್ರೆ ಆಂಪು ಸರಿಯಾಗಿದೆ, ತೊಂದ್ರೆ ಟ್ರೇ ಒಳಗೇ ಇದೆ.”

ಅವನು ಬೆರಳು ಚಾಚಿದ್ದೇ ತಡ, ಟೈಪಿಸ್ಟ್ ಅಕ್ಕ ಓಡಿ ಬಂದು ಗೋಡೆಯ ಪ್ಲಗ್ಗು ಕಿತ್ತಳು. “ಅಯ್ಯೋ ತಮ್ಮಾ, ಶಾಕ್ ಹೊಡೆದ್ರೆ ನಿನ್ನ ಹೆಂಡ್ತಿಗೆ ಯಾರು ಉತ್ತರ ಹೇಳೋದು?” ಅವನು ಮತ್ತೆ ಪ್ಲಗ್ಗು ಹಾಕಿದ. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಿ ಕೆಂಪಗೆ ಮಿನುಗುವಷ್ಟರಲ್ಲಿ ಅಕ್ಕ ಮತ್ತೆ ಕಿತ್ತಳು. ಹೀಗೆ ಮೂರು ಸಲ. ನಾಲ್ಕನೆಯ ಸಲ ಅವಳು ನೀರು ಕುಡಿಯಲು ಹೋದಾಗ ಬೆರಳಿಟ್ಟ. ‘ಗುಂಯ್’ ಎಂದಿತು. ತೊಂದರೆ ಟ್ರೇಯೊಳಗೇ!

ಆಗ ಕಿಟಕಿಯ ಹೊರಗೆ ಒಂದು ಗಂಟೆಯ ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು. ಇರಲಿ, ಐದು ಗಂಟೆಗೆ ಇನ್ನೊಂದಿದೆ ಎಂದು ಸಮಾಧಾನ ಮಾಡಿಕೊಂಡ.

ಟ್ರೇ ಬಿಚ್ಚಲು ಸ್ಕ್ರೂ ಡ್ರೈವರ್ ಬೇಕು. ಕಚೇರಿಗೆ ಇದ್ದದ್ದು ಒಂದೇ, ಅದು ಕ್ಯಾಷಿಯರ್ ಬಳಿ.

“ತಿಜೋರೀಲಿ ಇಟ್ಟಿದೀನಿ,” ಎಂದರು ಕ್ಯಾಷಿಯರು. “ಬೀಗದ ಕೈ ಮನೇಲಿ ಉಳೀತು. ಅದ್ಯಾಕೆ ಈ ಸ್ಕ್ರೂ ಗಿಕ್ರೂ? ನಮ್ಮ ಭಾವನ ಮನೆ ಟೀವೀನೂ ಹಿಂಗೇ ಆಗಿತ್ತು, ತಲೆ ಮೇಲೆ ಎರಡು ಕೊಟ್ಟೆ.”

“ಸರಿಹೋಯ್ತಾ?”

“ಎಲ್ಲಿ? ಪೂರ್ತಿ ನಿಂತೇ ಹೋಯ್ತು. ಈಗ ಭಾವ ಹಾಯಾಗಿದಾನೆ. ಇದಕ್ಕೂ ಕೊಡ್ಲಾ?” ಎಂದು ಅಂಗೈ ಎತ್ತಿದರು. ಗುಮಾಸ್ತ ಪೆಟ್ಟಿಗೆಯನ್ನು ಮಗುವಿನಂತೆ ಅವುಚಿಕೊಂಡ.

ಇಂಥ ಪೆದ್ದರನ್ನೆಲ್ಲ ಇಟ್ಟುಕೊಂಡು ಈ ಕಚೇರಿ ಹೇಗೆ ನಡೆಯುತ್ತಿದೆಯೋ ಎಂದು ಅವನಿಗೆ ನಿಜವಾಗಿಯೂ ಕನಿಕರವಾಯಿತು. ಬಾಗಿಲ ಚಿಲಕ ಹಾಕಿಕೊಂಡು, ಸ್ಟೀಲ್ ಅಡಿಕೋಲಿನ ಮೂಲೆಯಿಂದಲೇ ಒಂದೊಂದು ಸ್ಕ್ರೂವನ್ನೂ ತಿರುಗಿಸಿದ. ಉಗುರು ಕಿತ್ತುಬಂತು. ಮೂರೂ ಮುಕ್ಕಾಲಿಗೆ ಟ್ರೇ ತೆರೆಯಿತು.

ಸ್ಪ್ರಿಂಗುಗಳು ಎಲ್ಲೂ ಮುರಿಯದೆ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದವು. ಅವುಗಳ ನಡುವೆ ಹಳದಿ ಬಟ್ಟೆಯೊಂದನ್ನು ಗಿಡಿದು ತುರುಕಿ, ಫೈಲಿಗೆ ಕಟ್ಟುವ ಕೆಂಪು ದಾರದಿಂದ ಬಿಗಿಯಲಾಗಿತ್ತು. ಗಂಟನ್ನು ಅವನ ಬೆರಳುಗಳು ನೋಡದೆಯೇ ಬಿಚ್ಚಿದವು. ದಿನಕ್ಕೆ ಇಪ್ಪತ್ತು ಸಲ ಅಂಥದೇ ಗಂಟು ಬಿಚ್ಚುವ ಬೆರಳುಗಳವು. ಯೋಚಿಸಲು ಪುರುಸೊತ್ತೆಲ್ಲಿ? ಬಟ್ಟೆಯನ್ನು ಜೇಬಿಗೆ ತುರುಕಿ, ಟ್ರೇ ಮುಚ್ಚಿ, ಕಿತ್ತ ವೈರನ್ನು ಸಿಕ್ಕಿಸಿ, ಬಾಗಿಲು ತೆರೆದು, ಪೆಟ್ಟಿಗೆಯನ್ನು ಅಲ್ಲಾಡಿಸಿದ.

ಕಿಟಕಿಯ ಪಾರಿವಾಳಗಳೆಲ್ಲ ಹಾರಿಹೋಗುವಂತೆ ಗುಡುಗಿತು. ಹೆಡ್ ಗುಮಾಸ್ತರು, ಕ್ಯಾಷಿಯರು, ಟೈಪಿಸ್ಟ್ ಅಕ್ಕ ಬಾಗಿಲಲ್ಲಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದುಕೊಂಡ ಗುಮಾಸ್ತ.

ನಾಲ್ಕಕ್ಕೆ ಸರಿಯಾಗಿ ಕಚೇರಿಯ ಹಜಾರದಲ್ಲಿ ಸಾಹೇಬರು ಶುರು ಮಾಡಿದರು. ಮುಂದಿನ ಸಾಲಿನಲ್ಲಿ ಕೂತ ಗುಮಾಸ್ತನಿಗೆ ಹತ್ತು ನಿಮಿಷದಲ್ಲೇ ಬೆವರಿತು. ಸಾಹೇಬರ ಒಂದು ತಪ್ಪು ಸ್ವರ ಹೊರಟು, ಸ್ಪ್ರಿಂಗಿನಲ್ಲಿ ಹೊರಳಾಡಿ, ಸಾಯದೆ ಉಳಿದು, ಹಿಂದೆಯೇ ಬರುತ್ತಿದ್ದ ಇನ್ನೊಂದು ತಪ್ಪು ಸ್ವರವನ್ನು ಕೈಹಿಡಿದು ಕರೆತರುತ್ತಿತ್ತು. ಎರಡು ಗಂಟೆ ಕಾಲ ಯಾರೂ ಏಳುವಂತಿರಲಿಲ್ಲ. ಐದು ಗಂಟೆಯ ಬಸ್ಸೂ ಹೋಯಿತು.

ಕೊನೆಗೆ ಸಾಹೇಬರು ಎದ್ದು ನಿಂತು ಕಣ್ಣೊರೆಸಿಕೊಂಡರು. “ಇದಕ್ಕೆ ಜೀವ ತಂದವನು ನಮ್ಮ ಎಂಜಿನಿಯರು. ಇಂಥವನನ್ನ ಬೇರೆ ಊರಿಗೆ ಕಳಿಸಿದ್ರೆ ನನ್ನಂಥ ಮೂರ್ಖ ಇನ್ನೊಬ್ಬ ಇರಲ್ಲ. ವರ್ಗಾವಣೆ ಅರ್ಜಿ ತಿರಸ್ಕರಿಸಿದೀನಿ. ಇನ್ಮೇಲೆ ತಿಂಗಳಿಗೊಂದಲ್ಲ, ಪ್ರತಿ ಶನಿವಾರ ಕಾರ್ಯಕ್ರಮ. ಆಂಪಿನ ಪಕ್ಕ ಇವನೇ ಇರ್ತಾನೆ. ಮತ್ತೆ ಕೆಟ್ರೆ ಇವನನ್ನೇ ಕೇಳ್ತೀನಿ.”

ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಸೊಳ್ಳೆ ಹೊಡೆದಂತಿತ್ತು.

ಹೊರಗಿನ ಮೊಗಸಾಲೆಗೆ ಬಂದು ಗುಮಾಸ್ತ ಬೆವರೊರೆಸಲು ಜೇಬಿಗೆ ಕೈ ಹಾಕಿದ. ಹಳದಿ ಬಟ್ಟೆ ಬಂತು. ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ ಚೀಟಿಯೊಂದು ಈಗ ಕಾಣಿಸಿತು. ಹೆಡ್ ಗುಮಾಸ್ತರ ದುಂಡು ಅಕ್ಷರ: ‘ವಿಷಯ: ಸದ್ದು. ಸ್ಪ್ರಿಂಗಿಗೆ ಬಟ್ಟೆ ತುಂಬಿ ಕಡತ ಮುಕ್ತಾಯಗೊಳಿಸಲಾಗಿದೆ.’ ಕೆಳಗೆ ಎರಡು ತಿಂಗಳ ಹಿಂದಿನ ತಾರೀಖು ಸಮೇತ ಹನ್ನೊಂದು ಸಹಿ.

ತಲೆಯೆತ್ತಿದರೆ ಹೆಡ್ ಗುಮಾಸ್ತರು ಎದುರಿಗೇ ನಿಂತಿದ್ದರು.

“ಸಾರ್, ಒಂದು ಮಾತು ಹೇಳ್ಬಾರದಿತ್ತಾ?”

“ಹೆಂಗಪ್ಪಾ ಹೇಳೋದು? ಸಾಹೇಬ್ರು ಪಕ್ಕದ ಕೋಣೇಲೇ ಇದ್ರು. ಮೂರು ಪ್ರತಿ ಬರೆಸ್ದೆ, ಅಕ್ಕ ಪ್ಲಗ್ಗು ಕಿತ್ತಳು, ಕ್ಯಾಷಿಯರು ಬೀಗದ ಕೈ ಮರೆತ್ರು. ಇಷ್ಟಾದ್ರೂ ಕೆಲ್ಸ ಮಾಡಿಯೇ ತೀರ್ತೀನಿ ಅನ್ನೋನ ಜತೆ ನಾವೇನು ಮಾಡೋಕಾಗುತ್ತೆ?” ಎಂದು ಅವರು ಬೇಸರದಿಂದ ಬಟ್ಟೆಯನ್ನು ಕಿತ್ತುಕೊಂಡು ಹೋದರು. ಅದು ಕಚೇರಿಯ ಸ್ವತ್ತು.

ಜೇಬಿನಲ್ಲಿ ಫೋನು ರಿಂಗಾಯಿತು. ಮಗಳು.

“ಅಪ್ಪಾ, ಬಸ್ ಹತ್ತಿದ್ಯಾ?”

“ಇಲ್ಲ ಪುಟ್ಟೀ. ಸ್ವಲ್ಪ ಕೆಲ್ಸ ಇತ್ತು.”

“ಹಾಗಾದ್ರೆ ಮುಂದಿನ ಶನಿವಾರ?”

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸುವಷ್ಟರಲ್ಲಿ ಒಳಗಿನಿಂದ ಸಾಹೇಬರ ಕರೆಗಂಟೆ ಮೊಳಗಿತು. ಗಂಟೆ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು.