ಸೇವೆಗೆ ಹೋಗಿ ಸೋದರಮಾವನಾದದ್ದು

ಸೇವೆ ಮಾಡಬೇಕೆನ್ನುವ ಆಸೆ ನನಗೆ ಸಾಮಾನ್ಯವಾಗಿ ಮಧ್ಯಾಹ್ನದ ಊಟವಾದ ಮೇಲೆ ಬರುತ್ತದೆ. ಹೊಟ್ಟೆ ತುಂಬಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಲೋಕದಲ್ಲಿ ಎಷ್ಟೊಂದು ಜನ ಕಷ್ಟದಲ್ಲಿದ್ದಾರಲ್ಲ ಎಂದು ಮನಸ್ಸು ಕರಗುತ್ತದೆ. ಒಂದು ನಿದ್ದೆ ತೆಗೆದರೆ ಇಳಿದುಹೋಗುವ ಆಸೆ ಅದು. ಆದರೆ ಹೋದ ವರ್ಷ ನಿದ್ದೆಗೆ ಮುಂಚೆಯೇ ಫೋನು ಬಂತು. ಮೈಸೂರಿನ ನಮ್ಮ ಚರ್ಚಿನ ಹುಡುಗ ಹುಡುಗಿಯರು ನಾಲ್ಕು ದಿನ ಹನೂರು ತಾಲ್ಲೂಕಿಗೆ ಹೋಗಿ ಬಡವರ ಮನೆಗಳಿಗೆ ಬಣ್ಣ ಹೊಡೆದುಕೊಡುವುದೆಂದು ತೀರ್ಮಾನವಾಗಿತ್ತು. ಜೊತೆಗೊಬ್ಬ ಹಿರಿಯರು ಬೇಕು, ನೀವೇ ಸರಿ ಎಂದರು ಫಾದರ್. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನನ್ನನ್ನು 'ನೀವೇ ಸರಿ' ಎಂದವರೇ ಇರಲಿಲ್ಲವಾದ್ದರಿಂದ ತಕ್ಷಣ ಒಪ್ಪಿಕೊಂಡೆ. ನನ್ನ ಹೆಂಡತಿ ಸ್ಟೆಲ್ಲಾ ಮಾತ್ರ, "ನಮ್ಮ ಅಡುಗೆಮನೆ ಗೋಡೆ ಕಪ್ಪಗಾಗಿ ಎಷ್ಟು ವರ್ಷವಾಯ್ತು, ನೋಡಿದೀರಾ? ಬಡವರು ಅಂತ ನಾನೂ ಹೆಸರು ಕೊಡಲಾ?" ಎಂದು ಕೇಳಿದಳು. ದೊಡ್ಡ ಕೆಲಸಕ್ಕೆ ಹೊರಟವರು ಇಂಥ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ದಾರಿಯಲ್ಲಿ ಕೊಳ್ಳೇಗಾಲದಲ್ಲಿ ವ್ಯಾನು ನಿಲ್ಲಿಸಿ ಒಂದು ಫ್ಲೆಕ್ಸ್ ಮಾಡಿಸಿದೆ. ಈಗ ಫ್ಲೆಕ್ಸ್ ಇಲ್ಲದೆ ಮಗುವಿನ ಕಿವಿ ಚುಚ್ಚಿಸುವುದೂ ನಡೆಯುವುದಿಲ್ಲ, ನಾವು ಬರಿಗೈಯಲ್ಲಿ ಹೋಗುವುದು ಹೇಗೆ? 'ಕಡುಬಡ ಕುಟುಂಬಗಳಿಗೆ ಉಚಿತ ಬಣ್ಣ ಸೇವೆ' ಎಂದು ದಪ್ಪ ಅಕ್ಷರದಲ್ಲಿ ಬರೆಸಿ, ಮಗ್ಗುಲಲ್ಲಿ ನನ್ನ ಫೋಟೋ ಹಾಕಿಸಿದೆ. ಫೋಟೋ ಹಾಕಲು ಜಾಗ ಉಳಿದಿತ್ತು, ಅಂಗಡಿಯವನೇ ಕೇಳಿದ, ನಾನು ಬೇಡ ಎನ್ನಲಿಲ್ಲ, ಅಷ್ಟೇ.

ಮಾರ್ಟಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು ನಮ್ಮ ಪಾಲಿಗೆ ಬಂದಿತ್ತು. ಒಂದು ಮಾತಿನಲ್ಲಿ ಕನ್ನಡ, ಇನ್ನೊಂದು ಮಾತಿನಲ್ಲಿ ತಮಿಳು ಆಡುವ ಜನ. ಸಣ್ಣ ಚರ್ಚಿನ ಮುಂದೆ ಮೈಕು ಹಿಡಿದು ನಿಂತು ನಾನು ಭಾಷಣ ಮಾಡಿ ಶಿಬಿರ ಶುರು ಮಾಡಿದೆ. ಆಮೇಲೆ ಬಡವರನ್ನು ಹುಡುಕಲು ಹೊರಟೆವು. ಕಷ್ಟ ಶುರುವಾದದ್ದೇ ಅಲ್ಲಿ. ಮೊದಲನೇ ಮನೆಯಾತ ನಮ್ಮ ಫ್ಲೆಕ್ಸನ್ನು ನಿಧಾನವಾಗಿ ಓದಿ, "ನಾವ್ಯಾಕ್ ಬಡವರಾಗವಾ ಸಾ? ಆ ಕೊನೆ ಮನೆಯೋರ್ನ ಕೇಳಿ" ಅಂದ. ಕೊನೆ ಮನೆಯವರು ಮೊದಲನೇ ಮನೆಯನ್ನೇ ತೋರಿಸಿದರು. ನಡುವಿನವರೆಲ್ಲ ಮರಗೆಣಸಿನ ಹೊಲಕ್ಕೆ ಕೂಲಿಗೆ ಹೋಗಿದ್ದರು. ಬಣ್ಣದ ಡಬ್ಬಗಳನ್ನು ಹೊತ್ತುಕೊಂಡು ಇಡೀ ಊರು ಸುತ್ತಿದರೂ ಬಡವ ಎಂದು ಒಪ್ಪಿಕೊಳ್ಳುವ ಒಬ್ಬನೂ ಸಿಗಲಿಲ್ಲ.

ಕೊನೆಗೆ ಒಬ್ಬ ಹೆಂಗಸು ತಾನಾಗಿಯೇ ಬಂದಳು. ಆರೋಗ್ಯಮ್ಮ ಎಂದು ಹೆಸರು. ಗಂಡ ತೀರಿಕೊಂಡಿದ್ದ, ಮಗಳು ಸೆಲ್ವಿ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. "ಅಣ್ಣ, ನಮ್ ಮನೆಗ್ ಒಡೀರಿ. ಒಳಗೂ ಒಡೀರಿ, ಒರಗೂ ಒಡೀರಿ. ಸನಿವಾರ ಬೆಳುಗ್ಗೆಗೆಲ್ಲ ಒಣುಗ್ಬುಟ್ಟಿರ್ಬೇಕು" ಅಂದಳು. ಎಂಥ ವಿನಯ, ಎಂಥ ಸರಳತೆ ಎಂದು ನನ್ನ ಕಣ್ಣು ತುಂಬಿ ಬಂತು. ಶನಿವಾರವೇ ಯಾಕೆ ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ಆಕೆಯ ಬಾಗಿಲ ಮೇಲೆ ಫ್ಲೆಕ್ಸ್ ಕಟ್ಟಿ ಕೆಲಸ ಶುರು ಮಾಡಿದೆವು. ನಮ್ಮ ಹುಡುಗರು ಗೋಡೆಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಬಣ್ಣ ಹೊಡೆದುಕೊಂಡರು. ಆರೋಗ್ಯಮ್ಮ ಮೇಸ್ತ್ರಿಯ ಹಾಗೆ ಹಿಂದೆ ನಿಂತು, "ಮೂಲೆ ಬುಟ್ಬುಟ್ರಲ್ಲ ಮಗ, ಕಿಟ್ಕಿ ಕೆಳಗೂ ಒಂದ್ ಕೈ ಒಡೀರಿ" ಎನ್ನುತ್ತ ಎರಡೆರಡು ಸಲ ಹೊಡೆಸಿದಳು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಸೇವೆ ಮಾಡಲು ಬಂದವರು ತಟ್ಟೆ ಮುಂದೆ ಸಾಲಾಗಿ ಕೂತು ಬಡಿಸಿಕೊಳ್ಳುತ್ತಿದ್ದೆವು.

ಶನಿವಾರ ಬೆಳಿಗ್ಗೆ ನಾವು ಬ್ಯಾಗು ಕಟ್ಟುತ್ತಿದ್ದಾಗ ಆರೋಗ್ಯಮ್ಮ ಬಂದು ನಿಂತಳು. ಯಾವಾಗಲೂ ಗಟ್ಟಿಯಾಗಿ ಮಾತಾಡುವವಳು ಅವತ್ತು ಸೆರಗಿನ ತುದಿ ತಿರುಚುತ್ತಿದ್ದಳು.

"ಅಣ್ಣ, ಸೆಲ್ವಿನ ನೋಡಕ್ಕೆ ಯಳಂದೂರ್ ಕಡೆಯಿಂದ ಗಂಡಿನೋರು ಬತ್ತಾವ್ರೆ. ಬಾಗ್ಲು ಮೇಲಿರೋ ಆ ಬ್ಯಾನರ್ ಬಿಚ್ಚಾಕ್ಬುಡಿ."

ನನ್ನ ಮುಖ ಸುಟ್ಟ ಹಾಗಾಯಿತು. ಮದುವೆ ವಯಸ್ಸಿಗೆ ಬಂದ ಹೆಣ್ಣಿನ ಮನೆ ಬಾಗಿಲಿಗೆ ಕಡುಬಡ ಕುಟುಂಬ ಎಂದು ಬರೆದು, ಅದರ ಪಕ್ಕದಲ್ಲಿ ನಗುತ್ತ ನಿಂತಿದ್ದೆನಲ್ಲ ನಾನು! ನಾನೇ ಸ್ಟೂಲು ಹತ್ತಿ ಬಿಚ್ಚಿದೆ. ಇಳಿದರೂ ಆಕೆ ಅಲ್ಲೇ ನಿಂತಿದ್ದಳು.

"ಇನ್ನೊಂದದೆ ಅಣ್ಣ. ನೀವೆಲ್ಲ ಮಧ್ಯಾನಗಂಟ ಇದ್ದು ನಮ್ ಕಡೆ ಕೂತ್ಕಬೇಕು. ಅವ್ರು ಒಂದ್ ಗಾಡಿ ಜನ ಬತ್ತಾರೆ. ನಮ್ ಕಡೆ ನಾನೊಬ್ಳೆಯ. ಒಡುಟ್ಟಿದ್ ಅಣ್ಣ ನನ್ ಮದ್ವೆಗ್ ಮುಂಚೇನೇ ತೀರೋದ. ನನ್ ಮದ್ವೆಲೂ ನಮ್ ಚಾಪೆ ಕಾಲಿ ಇತ್ತು. ಕೇಳೋರಿಲ್ಲ ಅಂತ ಅವತ್ತೇ ಗೊತ್ತಾಗೋಯ್ತು ಗಂಡನ್ ಮನೆಯೋರಿಗೆ. ಆಮೇಲೆ ಒಡುದ್ರೂ ನಾನು ಓಗಕ್ಕೆ ಒಂದ್ ಮನೆ ಇರ್ನಿಲ್ಲ. ನನ್ ಮಗಳ್ಗೆ ಅಂಗಾಗ್ಬಾರ್ದು."

ನಾವು ಮೈಸೂರಿನಿಂದ ತಂದ ಡಬ್ಬಗಳಲ್ಲಿ ಎಷ್ಟೋ ಬಣ್ಣಗಳಿದ್ದವು, ಆಕೆಗೆ ಬೇಕಾದದ್ದು ಇರಲಿಲ್ಲ. ಆಕೆಗೆ ಬೇಕಾಗಿದ್ದವರು ನಾವೇ ಎಂದು ತಿಳಿದಾಗ ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

ಗಂಡಿನವರು ಟೆಂಪೋದಲ್ಲಿ ಬಂದಿಳಿದರು. ಅವರು ಒಂದು ಚಾಪೆಯ ಮೇಲೆ, ನಾವು ಎದುರು ಚಾಪೆಯ ಮೇಲೆ. ನಮ್ಮ ಹುಡುಗಿಯರು ಸೆಲ್ವಿಗೆ ಹೂ ಮುಡಿಸಿದರು. ಹುಡುಗರು ಕಾಫಿ ಕೊಟ್ಟರು. ಅವರ ಕಿವಿಗಳಲ್ಲಿ ಇನ್ನೂ ಬಣ್ಣವಿತ್ತು. ಗಂಡಿನ ತಂದೆ ಗೋಡೆ ನೋಡಿದರು, ಕಿವಿಗಳನ್ನೂ ನೋಡಿದರು. "ಮನೆ ಮಕ್ಳೇ ಬಣ್ಣ ಒಡ್ದವ್ರೆ. ಬೋ ಒಗ್ಗಟ್ಟು ಕಣ್ರಿ ನಿಮ್ದು" ಎಂದು ನನ್ನ ಕಡೆ ತಿರುಗಿ, "ತಾವು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಆರೋಗ್ಯಮ್ಮನ ದನಿ ಬಂತು. "ನಮ್ಮಣ್ಣ. ಸೆಲ್ವಿಗೆ ತಾಯ್ಮಾಮ."

ಹೌದೆಂದು ತಲೆಯಾಡಿಸಿದೆ. ಆ ಕಡೆ ತಾಯ್ಮಾಮ, ಅಂದರೆ ಸೋದರಮಾವ, ಎಂದರೆ ಎಷ್ಟು ದೊಡ್ಡ ಮಾತೆಂದು ಎಲ್ಲರೂ ಸರಿದು ನನಗೆ ನಡುವೆ ಜಾಗ ಬಿಟ್ಟಾಗಲೇ ಗೊತ್ತಾದದ್ದು. ಕೇಳುವುದೇನಾದರೂ ಇದ್ದರೆ ನಾನೇ ಕೇಳಬೇಕಂತೆ. ಸ್ವಂತ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎನ್ನಲೂ ಹೆದರುವವನು ನಾನು. ಆದರೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಸೆಲ್ವಿಯ ಮುಖ ಕಂಡಿತು. "ಹುಡುಗ ಕುಡೀತಾನಾ?" ಎಂದು ಕೇಳಿಯೇಬಿಟ್ಟೆ. ಆಟೋ ಓಡಿಸುತ್ತಿದ್ದ ಆ ಹುಡುಗ ನೆಲ ನೋಡುತ್ತ, "ಇಲ್ಲ ಸಾ" ಅಂದ. "ಮದುವೆಯಾದ ಮೇಲೂ ಅವಳು ಕೆಲಸಕ್ಕೆ ಹೋಗ್ತಾಳೆ. ಅವಳ ಮೇಲೆ ಯಾರಾದರೂ ಕೈ ಎತ್ತಿದರೆ ನಾನು ಮೈಸೂರಿಂದ ಬರ್ತೀನಿ, ಈ ಮಕ್ಕಳೆಲ್ಲ ಬರ್ತಾರೆ." ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಗಂಡಿನ ತಂದೆ, "ಕೇಳ್ಬೇಕಾದ್ದೇಯ ಬುಡಿ, ಎಣ್ಣಿನ ಸೋದರಮಾವ ಅಂದ್ಮೇಲೆ" ಎಂದು ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕೈಗೇ ಕೊಟ್ಟರು.

ಅವರು ಹೋದ ಮೇಲೆ ಅಳುಕು ಶುರುವಾಯಿತು. ದೇವರ ಕೆಲಸಕ್ಕೆಂದು ಬಂದು ಚರ್ಚಿನ ಮಕ್ಕಳ ಮುಂದೆಯೇ ಸುಳ್ಳಿಗೆ ತಲೆಯಾಡಿಸಿದೆನಲ್ಲ! ಆರೋಗ್ಯಮ್ಮನನ್ನು ಪಕ್ಕಕ್ಕೆ ಕರೆದು ಹೇಳಿಕೊಂಡೆ. ಆಕೆಗೆ ಆಶ್ಚರ್ಯವಾಯಿತು.

"ಸುಳ್ಳೇನ್ ಬಂತಣ್ಣ ಇದ್ರಲ್ಲಿ? ಮೊದುಲ್ನೇ ದಿನ ಚರ್ಚ್ ಮುಂದೆ ನೀವೇ ಅಲ್ವಾ ಮೈಕ್ ಇಡ್ಕಂಡು ಸೋದರ ಸೋದರಿಯರೇ ಅಂದದ್ದು? ನಾನ್ ನಂಬ್ಕಂಡೆ."

ಮೂವತ್ತು ವರ್ಷದಿಂದ ಚರ್ಚಿನ ಸಭೆಗಳಲ್ಲಿ ಆ ಮಾತು ಆಡುತ್ತ ಬಂದಿದ್ದೇನೆ. ಅದನ್ನು ಕಿವಿಗೆ ಹಾಕಿಕೊಂಡವಳು ಇವಳೊಬ್ಬಳೇ. ನಾಲ್ಕು ದಿನದ ಸೇವೆ ಮುಗಿಯುವ ಲಕ್ಷಣವಿಲ್ಲ. ಸೆಲ್ವಿಯ ಮದುವೆಯಲ್ಲಿ ಸೀರೆ, ಬಳೆ, ಹಣ್ಣಿನ ತಟ್ಟೆ ಹೊತ್ತು ಮುಂದೆ ನಡೆದವನು ನಾನೇ, ಹಿಂದೆ ಸ್ಟೆಲ್ಲಾ. ಹಬ್ಬಕ್ಕೆ ಬರಲಿಲ್ಲವೆಂದು ಆರೋಗ್ಯಮ್ಮ ಅತ್ತಿಗೆ ಸ್ಟೆಲ್ಲಾಳ ಹತ್ತಿರ ಫೋನಿನಲ್ಲಿ ನನ್ನ ಮೇಲೆ ಚಾಡಿ ಹೇಳುತ್ತಾಳೆ. ನಾನೂ ಹುಷಾರಾಗಿದ್ದೇನೆ. ಈಗ ಮೈಕು ಕೈಗೆ ಬಂದರೆ, 'ಸೋದರ ಸೋದರಿಯರೇ' ಎನ್ನುವುದಕ್ಕೆ ಮುಂಚೆ ಎದುರಿಗೆ ಯಾರ್ಯಾರು ಕೂತಿದ್ದಾರೆಂದು ಒಮ್ಮೆ ಕಣ್ಣಾಡಿಸಿಕೊಳ್ಳುತ್ತೇನೆ.